ಹತ್ತು ಗುಲಾಬಿ ಘನಗಳು

ಮಾಂಟೆಸರಿ ಪದ್ಧತಿಯನ್ನು ನಿಷ್ಠೆಯಿಂದ ಅನುಸರಿಸುವ ಯಾವ ಶಿಶುಮಂದಿರವನ್ನು ಹೊಕ್ಕು ನೋಡಿದರೂ, ಮಕ್ಕಳ ಕೈಗೆ ನಿಲುಕುವಂತೆ ತಗ್ಗಾಗಿ ಮಾಡಿಸಿದ ತೆರೆದ ಕಪಾಟುಗಳ ಬಳಿಯಲ್ಲಿ, ಮರದಿಂದ ಕಡೆದು ಗುಲಾಬಿ ಬಣ್ಣ ಬಳಿದ ಹತ್ತು ಘನಗಳು ಒಂದರ ಮೇಲೊಂದು ನಿಂತಿರುವುದನ್ನು ಕಾಣಬಹುದು. ಎಲ್ಲಕ್ಕೂ ಕೆಳಗಿನ ಘನದ ಬದಿ 10 ಸೆಂಟಿಮೀಟರ್. ಅದರ ಮೇಲಿನದು 9. ಹೀಗೆ ಒಂದೊಂದೇ ಸೆಂಟಿಮೀಟರಿನಂತೆ ಕುಗ್ಗುತ್ತ ಹೋಗಿ, ಶಿಖರದಲ್ಲಿ ಕುಳಿತಿರುವುದು ಹುಣಿಸೆಬೀಜದಷ್ಟೇ ಇರುವ 1 ಸೆಂಟಿಮೀಟರಿನ ತುಣುಕು. ಮರವೊಂದೇ, ಬಣ್ಣವೊಂದೇ, ಆಕಾರವೊಂದೇ. ಭೇದವಿರುವುದು ಗಾತ್ರದಲ್ಲಿ ಮಾತ್ರ. ಮೂರು ವರ್ಷದ ಮಗು ಇವುಗಳನ್ನು ಒಂದೊಂದಾಗಿ ಹೊತ್ತು ತಂದು, ಹತ್ತು ಸಲ ಕೋಣೆಯನ್ನು ದಾಟಿ, ನೆಲದ ಮೇಲೆ ಹಾಸಿದ ಚಾಪೆಯಲ್ಲಿ ಹರಡಿಕೊಂಡು, ಎಲ್ಲಕ್ಕಿಂತ ದೊಡ್ಡದನ್ನು ಅರಸಿ ಕೆಳಗಿಟ್ಟು, ಅದರ ಮೇಲೆ ಉಳಿದವುಗಳೊಳಗೆ ದೊಡ್ಡದನ್ನು ಅರಸಿ ಇಟ್ಟು, ಕೊನೆಗೆ ಆ ಹುಣಿಸೆಬೀಜವನ್ನು ಎರಡು ಬೆರಳುಗಳ ತುದಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ನೆತ್ತಿಯ ಮೇಲೆ ಇಳಿಸುವಾಗ ಅದರ ಮುಖದಲ್ಲಿ ತೋರುವ ಗಾಂಭೀರ್ಯವನ್ನು ಒಮ್ಮೆ ಕಂಡವರು, ಶಿಶುವಿನ ಮನಸ್ಸು ಚಂಚಲವೆಂಬ ರೂಢಿಯ ಮಾತನ್ನು ಮತ್ತೆ ಅಷ್ಟು ಸುಲಭವಾಗಿ ಆಡಲಾರರು.

ನೋಡುವುದಕ್ಕೆ ಆಟಿಕೆಯಂತಿರುವ ಈ ಸಾಮಗ್ರಿಯಲ್ಲಿ ಅಡಗಿರುವ ವಿಜ್ಞಾನ ಸಾಮಾನ್ಯವಾದುದಲ್ಲ. ಬದಿಯ ಉದ್ದ ಹತ್ತುಪಟ್ಟಾದರೆ ಘನಗಾತ್ರ ಸಾವಿರಪಟ್ಟಾಗುತ್ತದೆಂಬುದು ಪ್ರೌಢಶಾಲೆಯಲ್ಲಿ ನಾವು ಸೂತ್ರವಾಗಿ ಕಲಿಯುವ ಸಂಗತಿ. ಆದರೆ ಅತಿ ಚಿಕ್ಕ ಘನವನ್ನು ಚಿವುಟಿ ಎತ್ತಿದ ಕೈಯೇ ಅತಿ ದೊಡ್ಡದನ್ನು ಎತ್ತಲು ಬೆರಳುಗಳನ್ನೆಲ್ಲ ಹಿಗ್ಗಿಸಿ ತಿಣುಕಬೇಕಾಗಿ ಬಂದಾಗ, ಆ ಸಾವಿರಪಟ್ಟು ಎಂಬುದು ಮಗುವಿನ ಮಣಿಕಟ್ಟಿಗೆ ತಾನಾಗಿ ತಿಳಿಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಜರ್ಮನಿಯ ಶರೀರಶಾಸ್ತ್ರಜ್ಞ ಅರ್ನ್ಸ್ಟ್ ವೇಬರ್ ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟಂತೆ, ಎರಡು ವಸ್ತುಗಳ ನಡುವಣ ವ್ಯತ್ಯಾಸವನ್ನು ನಮ್ಮ ಇಂದ್ರಿಯಗಳು ಅಳೆಯುವುದು ಆ ವ್ಯತ್ಯಾಸದ ಪರಿಮಾಣದಿಂದಲ್ಲ, ವಸ್ತುವಿನ ಗಾತ್ರಕ್ಕೆ ಅದು ಯಾವ ಪ್ರಮಾಣದಲ್ಲಿದೆ ಎಂಬುದರಿಂದ. 1 ಸೆಂಟಿಮೀಟರಿನ ಘನಕ್ಕೂ 2 ಸೆಂಟಿಮೀಟರಿನದಕ್ಕೂ ಇರುವ ಅಂತರ ಯಾವ ಕಣ್ಣಿಗೂ ಬೀಳುತ್ತದೆ. 9ಕ್ಕೂ 10ಕ್ಕೂ ಇರುವ ಅಂತರ ಅಷ್ಟೇ ಆದರೂ ದೃಷ್ಟಿಯನ್ನು ಒಂದು ಗಳಿಗೆ ತಡೆದು ನಿಲ್ಲಿಸುತ್ತದೆ. ಹೀಗೆ ಹತ್ತೇ ಮರದ ತುಂಡುಗಳೊಳಗೆ ಸುಲಭವಾದ ಪ್ರಶ್ನೆಯೂ ಕಠಿಣವಾದ ಪ್ರಶ್ನೆಯೂ ಕೂಡಿ ಬಂದಿವೆ. ಮಗು ತಪ್ಪಿದರೆ ಗೋಪುರ ಅಲ್ಲಲ್ಲಿ ಉಬ್ಬಿ, ಸಣ್ಣದರ ಮೇಲೆ ದೊಡ್ಡದು ಚಾಚಿ, ತನ್ನ ದೋಷವನ್ನು ತಾನೇ ಸಾರಿ ಹೇಳುತ್ತದೆ. ‘ತಪ್ಪು’ ಎಂಬ ಮಾತನ್ನು ಶಿಕ್ಷಕಿ ಉಚ್ಚರಿಸಬೇಕಾದ ಅಗತ್ಯವೇ ಬೀಳುವುದಿಲ್ಲ. ಮಗುವಿಗೂ ಅದರ ತಪ್ಪಿಗೂ ನಡುವೆ ಇನ್ನೊಬ್ಬರ ಮುಖವಿಲ್ಲದಿರುವುದು ಎಷ್ಟು ದೊಡ್ಡ ಉಪಕಾರವೆಂಬುದು, ಬಾಲ್ಯದಲ್ಲಿ ಹಲಗೆಯ ಮುಂದೆ ನಿಂತು ನಡುಗಿದವರಿಗೆಲ್ಲ ವಿದಿತವಾಗಿಯೇ ಇದೆ.

ಮಾಂಟೆಸರಿ ಶಿಕ್ಷಣದಿಂದ ಶಿಶುಗಳಿಗಾಗುವ ಪ್ರಯೋಜನವೇನೆಂದು ಕೇಳಿದರೆ, ಮಗು ಬೇಗ ಓದುತ್ತದೆ, ಬೇಗ ಎಣಿಸುತ್ತದೆ, ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ ಎಂದು ಸಾಮಾನ್ಯವಾಗಿ ಉತ್ತರ ಬರುವುದುಂಟು. ಅವೆಲ್ಲ ಅಸತ್ಯವಲ್ಲ. ಆದರೆ ಅವು ಫಲಗಳು. ಬೇರು ಬೇರೊಂದು ಕಡೆಯಲ್ಲಿದೆ. ಕೈಗೆ ಒಪ್ಪುವ ಕೆಲಸವೊಂದನ್ನು ಕೊಟ್ಟು, ನಡುವೆ ಯಾರೂ ಕೈಹಾಕದೆ, ಸಾಕೆನ್ನುವವರೆಗೆ ಮಾಡಲು ಬಿಟ್ಟಾಗ, ಎಳೆಯ ಮಗುವಿನಲ್ಲಿಯೂ ಯೋಗಿಗೆ ಸಲ್ಲುವಂಥ ಏಕಾಗ್ರತೆ ತಾನಾಗಿಯೇ ನೆಲೆಗೊಳ್ಳುತ್ತದೆಂಬುದು ಈ ಪದ್ಧತಿಯ ಮೂಲ ಶೋಧ. ಶಿಸ್ತು, ವಿನಯ, ಅಕ್ಷರ, ಅಂಕಿ ಇವೆಲ್ಲ ಆ ನೆಲೆಯ ಮೇಲೆ ಬೆಳೆದ ಬೆಳೆಗಳು. ಇದೇ ನನ್ನ ತಿಳಿವಳಿಕೆ. ಇದನ್ನು ಶೋಧವೆಂದು ಕರೆದದ್ದು ಉತ್ಪ್ರೇಕ್ಷೆಯಿಂದಲ್ಲ, ಏಕೆಂದರೆ ಇದನ್ನು ಕಂಡವರು ಇದನ್ನು ಅರಸಿ ಹೊರಟಿರಲಿಲ್ಲ.

ಮರಿಯಾ ಮಾಂಟೆಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಆಂಕೋನಾ ನಗರದ ಬಳಿಯ ಕಿಯಾರವಾಲೆ ಎಂಬಲ್ಲಿ. ಸ್ತ್ರೀಯರಿಗೆ ವೈದ್ಯವಿದ್ಯೆಯ ಬಾಗಿಲು ಇನ್ನೂ ಪೂರ್ತಿ ತೆರೆಯದಿದ್ದ ಆ ಕಾಲದಲ್ಲಿ ಆಕೆ 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದು, ಅಲ್ಲಿಯ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ತೊಡಗಿದರು. ಬುದ್ಧಿಮಾಂದ್ಯರೆಂದು ನಿರ್ಧರಿಸಿದ ಮಕ್ಕಳನ್ನು ಆಗ ಹುಚ್ಚರೊಡನೆಯೇ ಕೂಡಿಹಾಕುವುದು ವಾಡಿಕೆಯಾಗಿತ್ತು. ಊಟ ಮುಗಿದ ಕೂಡಲೆ ಆ ಮಕ್ಕಳು ನೆಲದ ಮೇಲೆ ಬಿದ್ದು ರೊಟ್ಟಿಯ ಚೂರುಗಳಿಗಾಗಿ ತಡಕಾಡುವರೆಂದು ಕಾವಲಿನ ಹೆಂಗಸು ಹೇಸಿಕೆಯಿಂದ ಹೇಳಿದಾಗ, ಆ ಬರಿಗೋಡೆಯ ಕೋಣೆಯಲ್ಲಿ ಕೈಯಿಂದ ಹಿಡಿಯಬಹುದಾದ ವಸ್ತು ಒಂದೂ ಇಲ್ಲದಿರುವುದನ್ನು ಮಾಂಟೆಸರಿ ಗಮನಿಸಿದರೆಂದೂ, ಅವರ ಹಸಿವು ಹೊಟ್ಟೆಯದಲ್ಲ, ಕೈಯದು ಎಂದು ಅವರಿಗೆ ಹೊಳೆಯಿತೆಂದೂ ಅವರ ಜೀವನಚರಿತ್ರೆಯನ್ನು ಬರೆದವರು ಹೇಳುತ್ತಾರೆ. ದಾರಿ ಹುಡುಕುತ್ತ ಅವರು ಇಬ್ಬರು ಫ್ರೆಂಚ್ ವೈದ್ಯರ ಗ್ರಂಥಗಳನ್ನು ತಲುಪಿದರು. ಒಬ್ಬನು ಇಟಾರ್, 1800ರಲ್ಲಿ ಅವೆರಾನ್ ಸೀಮೆಯ ಕಾಡಿನಂಚಿನಲ್ಲಿ ಸಿಕ್ಕಿದ ಮಾತುಬಾರದ ಬಾಲಕನಿಗೆ ಇಂದ್ರಿಯಗಳ ಮೂಲಕ ವಿದ್ಯೆ ಕಲಿಸಲು ವರ್ಷಗಟ್ಟಲೆ ಶ್ರಮಿಸಿದವನು. ಮತ್ತೊಬ್ಬನು ಅವನ ಶಿಷ್ಯ ಸೆಗ್ಯಾಂ, ಬುದ್ಧಿ ಹಿಂದುಳಿದ ಮಕ್ಕಳಿಗೆ ಕೈಗೆಲಸದ ಸಾಮಗ್ರಿಗಳಿಂದ ಪಾಠ ಹೇಳುವ ಕ್ರಮವನ್ನು ರೂಪಿಸಿದವನು. ಈ ಇಬ್ಬರ ಬರಹಗಳನ್ನೂ ಮಾಂಟೆಸರಿ ಇಟಾಲಿಯನ್ ಭಾಷೆಗೆ ತಮ್ಮ ಕೈಯಿಂದಲೇ ಬರೆದುಕೊಂಡರು. ಒಂದೊಂದು ಪದದ ಅರ್ಥವನ್ನೂ ತೂಗಿ ನೋಡಲು ಹೊತ್ತು ಸಿಗಲೆಂದು ಹಾಗೆ ಮಾಡಿದುದಾಗಿ ಅವರೇ ಹೇಳಿಕೊಂಡಿದ್ದಾರೆ.

1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡಕೇರಿಯಲ್ಲಿ ಮೊದಲ ‘ಮಕ್ಕಳ ಮನೆ’ ತೆರೆಯಿತು. ಅದರ ಹಿಂದಿದ್ದ ಉದ್ದೇಶ ಅಂಥ ಉದಾತ್ತವಾದುದೇನೂ ಆಗಿರಲಿಲ್ಲ. ಅರ್ಧಕ್ಕೆ ನಿಂತು ಹಾಳುಬಿದ್ದಿದ್ದ ವಠಾರಗಳನ್ನು ಸಂಸ್ಥೆಯೊಂದು ದುರಸ್ತಿ ಮಾಡಿಸಿ ಕೂಲಿಕಾರರ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿತ್ತು. ತಂದೆತಾಯಿಗಳು ದುಡಿಯಲು ಹೋದ ಮೇಲೆ ಶಾಲೆಯ ವಯಸ್ಸಿಗೆ ಬಾರದ ಮಕ್ಕಳು ಮೆಟ್ಟಿಲುಗಳ ಮೇಲೆ ದಾಂಧಲೆಯೆಬ್ಬಿಸಿ ಹೊಸ ಗೋಡೆಗಳನ್ನೆಲ್ಲ ಗೀಚಿ ಕೆಡಿಸುತ್ತಿದ್ದುದರಿಂದ, ಅವರನ್ನು ಒಂದು ಕೋಣೆಯಲ್ಲಿ ಸೇರಿಸಿಡುವುದು ಗೋಡೆಗೆ ಮತ್ತೆ ಮತ್ತೆ ಸುಣ್ಣ ಬಳಿಸುವುದಕ್ಕಿಂತ ಮೇಲೆಂದು ಒಡೆಯರಿಗೆ ತೋರಿತು. ಹೀಗೆ ಸೇರಿದ ಐವತ್ತರಷ್ಟು ಮಕ್ಕಳ ನಡುವೆ, ಬೋಧನೆಯ ತರಬೇತಿಯಿಲ್ಲದ ಒಬ್ಬ ಯುವತಿಯನ್ನು ಇಟ್ಟು, ಹಿಂದುಳಿದ ಮಕ್ಕಳಿಗಾಗಿ ತಾವು ಮಾಡಿಸಿದ್ದ ಸಾಮಗ್ರಿಗಳನ್ನು ಕೊಟ್ಟು, ಏನಾಗುವುದೋ ನೋಡೋಣವೆಂದು ಮಾಂಟೆಸರಿ ಕಾದರು.

ಆದದ್ದು ಇದು. ಮೂರು ವರ್ಷದ ಆಸುಪಾಸಿನ ಒಂದು ಹೆಣ್ಣುಮಗು, ಮರದ ದಿಮ್ಮಿಯೊಂದರ ಹತ್ತು ಗುಳಿಗಳಲ್ಲಿ ಬೇರೆಬೇರೆ ಗಾತ್ರದ ಹತ್ತು ಸಿಲಿಂಡರುಗಳನ್ನು ತೆಗೆದು ಬೆರೆಸಿ ಮತ್ತೆ ಅವುಗಳ ತಾವಿನಲ್ಲಿ ಕೂರಿಸುವ ಕೆಲಸದಲ್ಲಿ ತೊಡಗಿತ್ತು. ಮುಗಿದ ಕೂಡಲೆ ಮತ್ತೆ ತೆಗೆಯುತ್ತಿತ್ತು. ಮಾಂಟೆಸರಿ ಎಣಿಸತೊಡಗಿದರು. ಉಳಿದ ಮಕ್ಕಳಿಗೆ ಹಾಡಲು ಹೇಳಿದರು, ಮಗು ತಲೆಯೆತ್ತಲಿಲ್ಲ. ಅದು ಕುಳಿತಿದ್ದ ಪುಟ್ಟ ಕುರ್ಚಿಯ ಸಮೇತ ಎತ್ತಿ ಮೇಜಿನ ಮೇಲಿರಿಸಿದರು. ಮಗು ಸಿಲಿಂಡರುಗಳನ್ನು ಮಡಿಲಿಗೆ ಎಳೆದುಕೊಂಡು ಕೆಲಸವನ್ನು ಅಲ್ಲಿಯೇ ಮುಂದುವರಿಸಿತು. ನಲವತ್ತಕ್ಕೂ ಹೆಚ್ಚು ಸಲ ಹೀಗೆ ಮಾಡಿ, ಕೊನೆಗೆ ನಿದ್ರೆಯಿಂದೆದ್ದಂತೆ ಸುತ್ತ ನೋಡಿ, ಯಾವ ಆಯಾಸವೂ ಇಲ್ಲದೆ ಮುಗುಳ್ನಕ್ಕಿತು. ಏಕೆ ಆರಂಭಿಸಿತು, ಏಕೆ ನಿಲ್ಲಿಸಿತು? ಹೊರಗಿನವರು ಹೇಳಿ ಮಾಡಿಸಿದ್ದಲ್ಲವಾದುದರಿಂದ ಎರಡಕ್ಕೂ ಕಾರಣ ಮಗುವಿನ ಒಳಗೇ ಇರಬೇಕು. ಹಲವು ವರ್ಷಗಳ ಚಿಂತನೆಯನ್ನು ಆಕೆ ಈ ಒಂದು ಮುಂಜಾನೆಯ ಸುತ್ತ ಕಟ್ಟಿದರು. ಮಕ್ಕಳ ಕೆಲಸದ ಹೊತ್ತನ್ನು ಗಂಟೆಯ ಸದ್ದಿನಿಂದ ಕತ್ತರಿಸದೆ ಮೂರು ತಾಸು ಒಂದೇ ಹರಹಾಗಿ ಬಿಡುವ ನಿಯಮವು ಈ ಪದ್ಧತಿಯಲ್ಲಿ ಅಚ್ಚಳಿಯದೆ ನಿಂತಿದೆ.

ಬಹುಮಾನವನ್ನೂ ದಂಡನೆಯನ್ನೂ ಬಿಟ್ಟುಬಿಟ್ಟದ್ದು ಇಂಥದೇ ಒಂದು ನೋಟದಿಂದ. ಚೆನ್ನಾಗಿ ನಡೆದುಕೊಂಡ ಹುಡುಗನೊಬ್ಬನಿಗೆ ಪದಕ ತೊಡಿಸಿದ್ದರು. ಅವನು ಕೆಲಸದ ಗದ್ದಲದಲ್ಲಿ ಅತ್ತಿತ್ತ ಓಡಾಡುತ್ತ ಅದನ್ನು ಬೀಳಿಸಿಕೊಂಡು, ಲಕ್ಷ್ಯವಿಲ್ಲದೆ ನಡೆದನು. ಶಿಕ್ಷೆಯೆಂದು ಕುರ್ಚಿಯಲ್ಲಿ ಸುಮ್ಮನೆ ಕೂರಿಸಲ್ಪಟ್ಟಿದ್ದ ಇನ್ನೊಬ್ಬನು ಅದನ್ನು ತೊಟ್ಟುಕೊಂಡು ಸಂತೃಪ್ತನಾಗಿ ಕುಳಿತನು. ಕೆಲಸವಿದ್ದವನಿಗೆ ಪದಕ ಬೇಡ. ಕೆಲಸವಿಲ್ಲದವನಿಗೆ ಅದೇ ಆಟಿಕೆ. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು, ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದರಲ್ಲಿ ಸ್ವಭಾವತಃ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿ, ಕೆಲವರಿಗೆ ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಆಸೆ ತೋರಿಸಿದರು. ಒಂದೆರಡು ವಾರಗಳು ಕಳೆದ ಮೇಲೆ ನೋಡಿದಾಗ, ಆಸೆ ತೋರಿಸಿದ ಮಕ್ಕಳು ಮಿಕ್ಕವರ ಅರ್ಧದಷ್ಟು ಹೊತ್ತನ್ನು ಮಾತ್ರ ಆ ಪೆನ್ನುಗಳೊಡನೆ ಕಳೆಯುತ್ತಿದ್ದರು. ಆನಂದಕ್ಕಾಗಿ ನಡೆಯುತ್ತಿದ್ದ ಕೆಲಸ ಸಂಬಳದ ಕೆಲಸವಾದೊಡನೆ ಅದರ ಸ್ವಾದ ಬತ್ತಿತು.

ಇನ್ನು ಕಾಲದ ವಿಚಾರ. ಯಾವ ವಿದ್ಯೆಗೆ ಯಾವ ವಯಸ್ಸು ಹದವಾದುದೆಂಬ ಪ್ರಶ್ನೆಗೆ ಮಾಂಟೆಸರಿ ಉತ್ತರದ ಸುಳಿವನ್ನು ಪಡೆದದ್ದು ಡಚ್ ಸಸ್ಯವಿಜ್ಞಾನಿ ಹ್ಯೂಗೊ ಡಿ ವ್ರೀಸ್‌ನಿಂದ. ಒಂದು ಬಗೆಯ ಚಿಟ್ಟೆ ತನ್ನ ಮೊಟ್ಟೆಗಳನ್ನು ಕೊಂಬೆಯು ಕಾಂಡಕ್ಕೆ ಕೂಡುವ ಮರೆಯಲ್ಲಿ ಇಡುತ್ತದೆ; ಒಡೆದು ಹೊರಬಂದ ಹುಳುವಿಗೆ ಬೇಕಾದ ಎಳೆಚಿಗುರು ಇರುವುದು ದೂರದ ಕೊಂಬೆಯ ತುದಿಯಲ್ಲಿ. ಆದರೆ ಆ ಹುಳು ಬೆಳಕಿಗೆ ಮನಸೋತು ಅದರತ್ತ ತೆವಳುತ್ತದೆ, ತೆವಳಿದಲ್ಲಿ ಚಿಗುರು ಸಿಗುತ್ತದೆ. ಬಲಿತ ಎಲೆಯನ್ನು ಅರಗಿಸಿಕೊಳ್ಳುವ ಶಕ್ತಿ ಬಂದ ಮೇಲೆ ಬೆಳಕಿನ ಆ ಸೆಳೆತ ತಾನಾಗಿ ಅಳಿಯುತ್ತದೆ. ಶಿಶುವಿನ ಮನಸ್ಸಿನಲ್ಲಿಯೂ ಹೀಗೆಯೇ, ಇಂತಿಂಥ ಕಾಲದಲ್ಲಿ ಇಂತಿಂಥ ವಿಷಯಗಳ ಕಡೆಗೆ ಅದಮ್ಯವಾದ ಸೆಳೆತ ಹುಟ್ಟಿ, ತನ್ನ ಕೆಲಸ ಮುಗಿಸಿ ಅಡಗುತ್ತದೆಂದು ಮಾಂಟೆಸರಿ ಊಹಿಸಿ, ಆ ಕಾಲಗಳನ್ನು ಸಂವೇದನಾಕಾಲಗಳೆಂದರು. ಅವರು ಪಟ್ಟಿಮಾಡಿದ ಎಲ್ಲ ಕಾಲಗಳಿಗೂ ಇಂದಿನ ಮಿದುಳಿನ ವಿಜ್ಞಾನ ಒಂದೇ ಸಮನಾಗಿ ಮುದ್ರೆಯೊತ್ತಿದೆ ಎಂದು ಹೇಳುವುದು ಸರಿಯಾಗಲಾರದು. ಆದರೆ ಮೂಲ ಕಲ್ಪನೆ ಗಟ್ಟಿಯಾಗಿ ನಿಂತಿದೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಯ ಒಂದು ಕಣ್ಣನ್ನು ಜನಿಸಿದ ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟು, ಆಮೇಲೆ ತೆರೆದು ನೋಡಿದಾಗ, ಕಣ್ಣು ನಿರ್ದೋಷವಾಗಿದ್ದರೂ ಮಿದುಳು ಅದರಿಂದ ಬಂದ ಸುದ್ದಿಯನ್ನು ಸ್ವೀಕರಿಸಲಾರದೆ ಹೋಯಿತು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಅಂಥ ಹಾನಿ ತಟ್ಟಲಿಲ್ಲ. ಇವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕನ್ನಡಿಗರ ಕಿವಿಗೆ ಇನ್ನೂ ಹತ್ತಿರವಾದ ಪ್ರಯೋಗವೊಂದಿದೆ. ‘ತ’ಕಾರಕ್ಕೂ ‘ಟ’ಕಾರಕ್ಕೂ ಇರುವ ಭೇದವನ್ನು ನಮ್ಮಲ್ಲಿ ಯಾರೂ ಕಲಿತೆವೆಂದು ನೆನೆಯಲಾರರು, ಇಂಗ್ಲಿಷನ್ನೇ ಕೇಳಿ ಬೆಳೆದ ಪ್ರೌಢನಿಗಾದರೋ ಆ ಎರಡೂ ಒಂದೇ ಧ್ವನಿಯಾಗಿ ಕೇಳಿಸುತ್ತವೆ. ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬವರು ಕೆನಡಾದಲ್ಲಿ ಇಂಗ್ಲಿಷ್ ಮನೆಗಳ ಹಸುಗೂಸುಗಳಿಗೆ ಹಿಂದಿಯ ಈ ಎರಡು ವ್ಯಂಜನಗಳನ್ನು ಕೇಳಿಸಿ ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಆರರಿಂದ ಎಂಟು ತಿಂಗಳ ಕೂಸುಗಳು ಭೇದವನ್ನು ನಿರಾಯಾಸವಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಿನ ವೇಳೆಗೆ ಬಹುಪಾಲು ಕೂಸುಗಳಲ್ಲಿ ಆ ಶಕ್ತಿ ಅಡಗಿಹೋಗಿತ್ತು. ಮಗು ಇನ್ನೂ ಮೊದಲ ಮಾತನ್ನಾಡಿಲ್ಲ. ಅಷ್ಟರಲ್ಲಿಯೇ ಅದರ ಕಿವಿ ತನ್ನ ನಾಡನ್ನು ಆರಿಸಿಕೊಂಡು ಬಿಟ್ಟಿದೆ. ಸುತ್ತಲಿನದನ್ನು ಪ್ರಯತ್ನವಿಲ್ಲದೆ ಹೀರಿ ತನ್ನ ಅಂಗವನ್ನಾಗಿ ಮಾಡಿಕೊಳ್ಳುವ ಈ ಶಕ್ತಿಗೇ ಮಾಂಟೆಸರಿ ‘ಹೀರಿಕೊಳ್ಳುವ ಮನಸ್ಸು’ ಎಂದು ಹೆಸರಿಟ್ಟದ್ದು. ಆ ಮನಸ್ಸಿನ ಮುಂದೆ ಏನನ್ನು ಇಡುತ್ತೇವೆಂಬುದು ಹಾಗಾದರೆ ಎಂಥ ಹೊಣೆ!

ಅಕ್ಷರದ ವಿಷಯಕ್ಕೆ ಬರೋಣ. ನಯವಾದ ಹಲಗೆಯ ಮೇಲೆ ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರವನ್ನು ಮಗು ತೋರುಬೆರಳು ನಡುಬೆರಳುಗಳಿಂದ, ಬರೆಯುವ ದಿಕ್ಕಿನಲ್ಲಿಯೇ ಸವರುತ್ತದೆ. ಸವರುವಾಗ ಶಿಕ್ಷಕಿ ಅದರ ಧ್ವನಿಯನ್ನು ಉಚ್ಚರಿಸುತ್ತಾಳೆ. ಕಣ್ಣು, ಕಿವಿ, ಬೆರಳು ಈ ಮೂರೂ ಒಂದೇ ಕ್ಷಣದಲ್ಲಿ ಒಂದೇ ಅಕ್ಷರವನ್ನು ಕೂಡುತ್ತವೆ. ಬೆರಳು ಅಂಚು ತಪ್ಪಿದರೆ ತರಿತರಿಯ ಸ್ಪರ್ಶ ನಿಂತು ನುಣುಪು ಸಿಗುವುದರಿಂದ ಇಲ್ಲಿಯೂ ತಪ್ಪನ್ನು ಹೇಳುವುದು ವಸ್ತುವೇ. ಸಾನ್ ಲೊರೆಂಜೊದ ಮಕ್ಕಳು ಇಂತು ಕೆಲವು ಕಾಲ ಸವರಿದ ಮೇಲೆ, ಚಳಿಗಾಲದ ಒಂದು ಬಿಸಿಲಿನ ದಿನ, ಮಾಳಿಗೆಯ ಮೇಲೆ ಸೀಮೆಸುಣ್ಣದಿಂದ ಹೊಗೆಗೂಡಿನ ಚಿತ್ರ ಬಿಡಿಸುತ್ತಿದ್ದ ಐದು ವರ್ಷದ ಹುಡುಗನು ತನಗೆ ಬರೆಯಲು ಬರುತ್ತದೆಂದು ಹಠಾತ್ತನೆ ಅರಿತು ಕೂಗಿಕೊಂಡು, ನೆಲದ ತುಂಬ ಪದಗಳನ್ನು ಬರೆಯತೊಡಗಿದನು. ಓದುವುದಕ್ಕೆ ಮೊದಲೇ ಬರಹ ಬಂದುಬಿಟ್ಟಿತು. ಬರೆದಂತೆ ಉಚ್ಚರಿಸುವ ಇಟಾಲಿಯನ್ ಭಾಷೆಯಲ್ಲಿ ಇದು ಸುಲಭವೆಂಬುದನ್ನು ಮರೆಯಬಾರದು.

ನಮ್ಮವರಿಗೆ ಇದು ತೀರ ಅಪರಿಚಿತವೇ? ಊರ ಅಯ್ಯನವರ ಮಠದಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು, ಬೆರಳಿನಿಂದ ಅಕ್ಷರ ತಿದ್ದುತ್ತ, ತಿದ್ದಿದಂತೆಲ್ಲ ಅದರ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಇಂದಿಗೂ ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಯಲ್ಲಿ ಎಳೆಯ ಬೆರಳನ್ನು ಹಿಡಿದು ಬರೆಸುವುದು ಆ ಕ್ರಮದ ಸ್ಮರಣೆಯೇ. ‘ತಿದ್ದು’ ಎಂಬ ಒಂದೇ ಕ್ರಿಯಾಪದ ನಮ್ಮ ನುಡಿಯಲ್ಲಿ ಅಕ್ಷರದ ಜಾಡಿನಲ್ಲಿ ಬೆರಳಾಡಿಸುವುದಕ್ಕೂ ತಪ್ಪನ್ನು ಸರಿಪಡಿಸುವುದಕ್ಕೂ ಸಲ್ಲುವುದನ್ನು ನಾನು ಬಹು ಅರ್ಥಪೂರ್ಣವೆಂದು ಭಾವಿಸುತ್ತೇನೆ. ಆದರೆ ಮಠದಲ್ಲಿ ಬೆರಳಿಗೆ ಸಿಕ್ಕ ಸ್ವಾತಂತ್ರ್ಯ ಮನಸ್ಸಿಗೆ ಸಿಗಲಿಲ್ಲ. ಯಾವ ಅಕ್ಷರ, ಎಷ್ಟು ಹೊತ್ತು ಎಂಬುದನ್ನು ನಿರ್ಣಯಿಸುತ್ತಿದ್ದುದು ಬೆತ್ತ. ಕನ್ನಡ ಲಿಪಿಯ ಸ್ವಭಾವವೂ ಬೇರೆ. ಕಾಗುಣಿತ, ಒತ್ತಕ್ಷರಗಳೆಲ್ಲ ಕೂಡಿದರೆ ಕಲಿಯಬೇಕಾದ ರೂಪಗಳು ನೂರಾರು. ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡದ ಮಕ್ಕಳಿಗೆ ಲಿಪಿಯೆಲ್ಲ ಕೈವಶವಾಗಲು ಇಂಗ್ಲಿಷ್ ವರ್ಣಮಾಲೆಗೆ ಬೇಕಾಗುವುದಕ್ಕಿಂತ ಹೆಚ್ಚು ವರ್ಷಗಳು ಹಿಡಿಯುವುದನ್ನು ತೋರಿಸಿದೆ. ಆದುದರಿಂದ ‘ಪ’ ‘ಷ’ ‘ಫ’ಗಳ ನಡುವಣ ಸೂಕ್ಷ್ಮ ಭೇದವನ್ನು ಕಣ್ಣಿಗೆ ಮೊದಲು ಬೆರಳಿಗೆ ತಿಳಿಸುವ ಉಪಾಯದ ಬೆಲೆ ನಮ್ಮಲ್ಲಿ ಕಡಿಮೆಯಾಗುವುದರ ಬದಲು ಹೆಚ್ಚುತ್ತದೆ. ಕೈಗೂ ಓದಿಗೂ ಇರುವ ಸಂಬಂಧ ಬರಿಯ ಊಹೆಯಲ್ಲ: ಓದು ಬಾರದ ಮಕ್ಕಳಿಂದ ಕೆಲವು ಅಕ್ಷರಗಳನ್ನು ಕೈಯಾರೆ ಬರೆಸಿ, ಕೆಲವನ್ನು ಗೆರೆಯ ಮೇಲೆ ತಿದ್ದಿಸಿ, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿಸಿ, ಆಮೇಲೆ ಮಿದುಳಿನ ಚಿತ್ರ ತೆಗೆದು ನೋಡಿದ ಕ್ಯಾರಿನ್ ಜೇಮ್ಸ್ ಮತ್ತು ಎಂಗಲ್‌ಹಾರ್ಟ್, ದೊಡ್ಡವರು ಓದುವಾಗ ಎಚ್ಚರಗೊಳ್ಳುವ ಭಾಗಗಳು ಕೈಯಾರೆ ಬರೆದ ಅಕ್ಷರಗಳಿಗೇ ಎಚ್ಚರಗೊಂಡುದನ್ನು 2012ರಲ್ಲಿ ವರದಿಮಾಡಿದರು. ತಿದ್ದುವುದು ಬಾಗಿಲು ಮಾತ್ರ. ತಾನೇ ಬರೆಯುವವರೆಗೂ ಮಗು ಹೋಗಬೇಕು.

ಗಣಿತದ ಬಂಗಾರದ ಮಣಿಗಳ ಬಗ್ಗೆ ಎರಡು ಮಾತು ಸಾಕು. ಬಿಡಿಮಣಿ ಒಂದು, ತಂತಿಯಲ್ಲಿ ಪೋಣಿಸಿದ ಹತ್ತು ಮಣಿ ಹತ್ತು, ಹತ್ತು ತಂತಿಗಳ ಚೌಕ ನೂರು, ಹತ್ತು ಚೌಕಗಳನ್ನು ಪೇರಿಸಿದ ಘನ ಸಾವಿರ. ಸಾವಿರವನ್ನು ಎರಡು ಕೈಯಿಂದ ಎತ್ತಿ ತಂದ ನಾಲ್ಕು ವರ್ಷದ ಮಗುವಿಗೆ ಸೊನ್ನೆಗಳು ಬರಿಯ ಸೊನ್ನೆಗಳಾಗಿ ಉಳಿಯುವುದಿಲ್ಲ.

ಮಾಂಟೆಸರಿಯವರ ಬಾಳಿನ ಒಂದು ದೀರ್ಘ ಭಾಗ ನಮ್ಮ ನೆಲದಲ್ಲಿಯೇ ಕಳೆಯಿತು. ಅವರು ಬರುವುದಕ್ಕೆ ಮೊದಲೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರವನ್ನು ಆರಂಭಿಸಿ, ಆ ತತ್ತ್ವಗಳನ್ನು ಬಡವರ ಮನೆಯ ಸಾಧನಗಳಿಗೆ ಹೊಂದಿಸಿಕೊಂಡಿದ್ದರು. 1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷ ಜಾರ್ಜ್ ಅರುಂಡೇಲ್ ಮತ್ತು ಅವರ ಪತ್ನಿ ರುಕ್ಮಿಣೀದೇವಿಯವರ ಆಹ್ವಾನದಂತೆ, ಅರವತ್ತೊಂಬತ್ತು ವರ್ಷದ ಮಾಂಟೆಸರಿ ಮಗ ಮಾರಿಯೊನೊಡನೆ ಮದರಾಸಿನ ಅಡ್ಯಾರಿಗೆ ಬಂದಿಳಿದು, ಸುಮಾರು ಮುನ್ನೂರು ಮಂದಿಗೆ ತರಬೇತಿ ಆರಂಭಿಸಿದರು. ಆಕೆ ಇಟಾಲಿಯನ್ನಿನಲ್ಲಿ ಹೇಳುತ್ತಿದ್ದುದನ್ನು ಮಗ ಇಂಗ್ಲಿಷಿಗೆ ತಿರುಗಿಸುತ್ತಿದ್ದನು. ಕೆಲವು ತಿಂಗಳ ಕಾಲ ನೆಲೆಸುವ ಎಣಿಕೆಯಿಂದ ಬಂದಿದ್ದರು. 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿದೊಡನೆ ತಾಯಿಮಕ್ಕಳು ಶತ್ರುದೇಶದ ಪ್ರಜೆಗಳಾದರು. ಮಾರಿಯೊನನ್ನು ಸರ್ಕಾರ ಬಂಧನದಲ್ಲಿರಿಸಿತು. ಆಗಸ್ಟ್ 31ರಂದು ಆಕೆಗೆ ಎಪ್ಪತ್ತು ತುಂಬಿದಾಗ, ಹುಟ್ಟುಹಬ್ಬದ ಕಾಣಿಕೆಯಾಗಿ ಮಗನನ್ನು ಬಿಡುಗಡೆಮಾಡುತ್ತಿರುವುದಾಗಿ ವೈಸ್‌ರಾಯರಿಂದ ತಂತಿ ಬಂತು. 1942ರಿಂದ ಎರಡು ವರ್ಷ ಕೊಡೈಕೆನಾಲಿನಲ್ಲಿದ್ದು, ಬೆಟ್ಟದ ಗಿಡ ಹುಳು ಹಕ್ಕಿಗಳ ನಡುವೆ, ಆರು ವರ್ಷ ಮೀರಿದ ಮಕ್ಕಳಿಗಾಗಿ ವಿಶ್ವದ ಸಮಗ್ರ ಚಿತ್ರವನ್ನೇ ಕಟ್ಟಿಕೊಡುವ ಪಾಠಕ್ರಮವನ್ನು ರೂಪಿಸಿದರು. ಅಹಮದಾಬಾದಿನಲ್ಲಿ ಕೊಟ್ಟ ಉಪನ್ಯಾಸಗಳಿಂದ ಮೂಡಿದ ‘ಹೀರಿಕೊಳ್ಳುವ ಮನಸ್ಸು’ ಕುರಿತ ಗ್ರಂಥ 1949ರಲ್ಲಿ ಅಡ್ಯಾರಿನಿಂದಲೇ ಪ್ರಕಟವಾಯಿತು. ನಾವು ಇದನ್ನು ಪರದೇಶದ ಸರಕೆಂದು ಎಣಿಸುವಾಗ, ಅದರ ಪ್ರೌಢ ರೂಪದ ಬಹುಭಾಗ ಭಾರತದ ಮಣ್ಣಿನಲ್ಲಿ ಪಕ್ವವಾದುದೆಂಬುದನ್ನು ನೆನೆಯಬೇಕು.

ಶ್ರದ್ಧೆಯ ಮಾತಾಯಿತು, ಪ್ರಮಾಣವೆಲ್ಲಿ? ಮಾಂಟೆಸರಿ ಶಾಲೆಯ ಮಕ್ಕಳು ಮುಂದಿರುವರೆಂದು ತೋರಿಸಿದರೆ ಸಾಲದು; ಅಂಥ ಶಾಲೆಯನ್ನು ಆರಿಸುವ ತಂದೆತಾಯಿಗಳೇ ಬೇರೆ ಬಗೆಯವರಿರಬಹುದಲ್ಲವೆ? ಈ ತೊಡಕನ್ನು ಬಿಡಿಸಲು ಏಂಜಲಿನ್ ಲಿಲಾರ್ಡ್ ಎಂಬ ಮನೋವಿಜ್ಞಾನಿ ಒಂದು ಜಾಣ್ಮೆಯ ದಾರಿ ಹಿಡಿದರು. ಅಮೆರಿಕದ ಮಿಲ್ವಾಕಿ ನಗರದ ಸರ್ಕಾರಿ ಮಾಂಟೆಸರಿ ಶಾಲೆಯೊಂದರಲ್ಲಿ ಪ್ರವೇಶ ಚೀಟಿಯೆತ್ತುವುದರ ಮೂಲಕ ನಡೆಯುತ್ತಿತ್ತು. ಎಲ್ಲ ತಂದೆತಾಯಿಗಳೂ ಅದನ್ನೇ ಬಯಸಿದವರು. ಕೆಲವರಿಗೆ ಚೀಟಿ ಬಂತು, ಕೆಲವರಿಗೆ ಬರಲಿಲ್ಲ. ಎರಡು ಗುಂಪುಗಳ ನಡುವಣ ಭೇದ ಕೇವಲ ದೈವಗತಿ. 2006ರಲ್ಲಿ ಅವರೂ ಎಲ್ಸ್-ಕ್ವೆಸ್ಟರೂ ಪ್ರಕಟಿಸಿದಂತೆ, ಚೀಟಿ ಗೆದ್ದ ಐದು ವರ್ಷದ ಮಕ್ಕಳು ಓದಿನಲ್ಲಿಯೂ ಲೆಕ್ಕದಲ್ಲಿಯೂ ಮುಂದಿದ್ದುದಲ್ಲದೆ, ನಿಯಮ ಬದಲಾದಾಗ ಮನಸ್ಸನ್ನು ಹೊಸ ನಿಯಮಕ್ಕೆ ತಿರುಗಿಸುವ ಸಂಯಮದಲ್ಲಿ, ನ್ಯಾಯಾನ್ಯಾಯಗಳನ್ನು ವಿಚಾರಿಸುವುದರಲ್ಲಿ, ಮೈದಾನದಲ್ಲಿ ಇತರರೊಡನೆ ಹೊಂದಿ ಆಡುವುದರಲ್ಲಿ ಮೇಲಾಗಿದ್ದರು. ಹನ್ನೆರಡು ವರ್ಷದವರಲ್ಲಿ ಪಾಠದ ಅಂತರ ಕಾಣಲಿಲ್ಲವಾದರೂ, ಅವರು ಬರೆದ ಕಥೆಗಳಲ್ಲಿ ಕಲ್ಪನೆಯೂ ವಾಕ್ಯರಚನೆಯ ಪ್ರೌಢಿಮೆಯೂ ಅಧಿಕವಾಗಿದ್ದವು. 2017ರಲ್ಲಿ ಹಾರ್ಟ್‌ಫರ್ಡ್ ನಗರದ 141 ಮಕ್ಕಳನ್ನು ಮೂರರಿಂದ ಆರು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನವು ಇನ್ನೂ ಮನಮುಟ್ಟುವ ಸಂಗತಿಯನ್ನು ಹೊರಗಿಟ್ಟಿತು: ಬಡವರ ಮಕ್ಕಳಿಗೂ ಉಳ್ಳವರ ಮಕ್ಕಳಿಗೂ ನಡುವೆ ಎಲ್ಲೆಡೆಯೂ ಕಾಣುವ ಕಲಿಕೆಯ ಕಂದರ ಮಾಂಟೆಸರಿ ಕೋಣೆಗಳಲ್ಲಿ ಕಿರಿದಾಗುತ್ತ ಬಂದಿತ್ತು. 2025ರಲ್ಲಿ 24 ಸರ್ಕಾರಿ ಶಾಲೆಗಳ 588 ಮಕ್ಕಳ ಮೇಲೆ ನಡೆದ ಇಂಥದೇ ಚೀಟಿಯ ಅಧ್ಯಯನವೂ ಓದು, ಸ್ಮೃತಿ, ಸಂಯಮಗಳಲ್ಲಿ ಲಾಭವನ್ನು ತೋರಿಸಿದೆ. ಆದರೆ ಎಲ್ಲವೂ ಒಂದೇ ಸ್ವರದಲ್ಲಿಲ್ಲ. ಫ್ರಾನ್ಸಿನ ಸರ್ಕಾರಿ ಶಾಲೆಯಲ್ಲಿ ಬಡಮಕ್ಕಳ ನಡುವೆ ನಡೆದು 2021ರಲ್ಲಿ ಹೊರಬಂದ ಪ್ರಯೋಗದಲ್ಲಿ ಓದಿನಲ್ಲಿ ಮಾತ್ರ ಮೇಲ್ಮೆ ಕಂಡಿತು. ಗಣಿತದಲ್ಲಿಯೂ ಸಂಯಮದಲ್ಲಿಯೂ ಸಮಸಮ.

ಇದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದುದು ಲಿಲಾರ್ಡರದೇ 2012ರ ಇನ್ನೊಂದು ಹೋಲಿಕೆ. ಮೂಲ ಸಾಮಗ್ರಿಗಳನ್ನಷ್ಟೇ ಇಟ್ಟುಕೊಂಡ ಕೋಣೆಗಳ ಮಕ್ಕಳು, ಅವುಗಳ ಜೊತೆಗೆ ಅಭ್ಯಾಸಪತ್ರಗಳನ್ನೂ ಬೇರೆ ಆಟಿಕೆಗಳನ್ನೂ ಸೇರಿಸಿದ ಕೋಣೆಗಳ ಮಕ್ಕಳಿಗಿಂತ ಹೆಚ್ಚು ಮುನ್ನಡೆದರು. ಕೂಡಿಸಿದ್ದು ಕಳೆಯಿತು! ನಮ್ಮ ನಗರಗಳ ಬೀದಿಬೀದಿಯಲ್ಲಿ ಮಾಂಟೆಸರಿ ಎಂಬ ಫಲಕಗಳಿವೆ. ಒಳಗೆ ಹೋದರೆ ನಾಲ್ಕು ವರ್ಷದ ಕೂಸುಗಳು ಸಾಲಾಗಿ ಕುಳಿತು ಪುಸ್ತಕ ನೋಡಿ ನಕಲು ಮಾಡುತ್ತಿರುವುದನ್ನೂ, ಗುಲಾಬಿ ಘನಗಳು ಗಾಜಿನ ಬೀರುವಿನಲ್ಲಿ ಬೀಗದೊಳಗಿರುವುದನ್ನೂ ಕಾಣುವುದುಂಟು. ಹೆಸರನ್ನು ಯಾರೂ ಇಟ್ಟುಕೊಳ್ಳಬಹುದು. ತಂದೆತಾಯಿಗಳು ನೋಡಬೇಕಾದ ಗುರುತುಗಳು ಬೇರೆ: ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿದ್ದಾರೆಯೆ, ಹಿರಿಯ ಮಗು ಕಿರಿದಕ್ಕೆ ತೋರಿಸಿಕೊಡುತ್ತಿದೆಯೆ, ಮಗು ಕೆಲಸವನ್ನು ತಾನೇ ಆರಿಸುತ್ತಿದೆಯೆ, ಮುಖ್ಯವಾಗಿ ಶಿಕ್ಷಕಿಗೆ ಸುಮ್ಮನಿರಲು ಬರುತ್ತದೆಯೆ.

ಒಂದು ವಿಷಯದಲ್ಲಿ ಮಾತ್ರ ಆ ಮಹಾತಾಯಿಯೊಡನೆ ನನಗೆ ಭಿನ್ನಾಭಿಪ್ರಾಯವಿದೆ. ವಾಸ್ತವ ಜಗತ್ತು ಇನ್ನೂ ಕೈಗೂಡದ ಎಳೆಯರಿಗೆ ಅದ್ಭುತ ಕಥೆಗಳನ್ನು ಹೇಳುವುದನ್ನು ಆಕೆ ಒಪ್ಪಲಿಲ್ಲ. ಅಜ್ಜಿಯ ತೊಡೆಯ ಮೇಲೆ ಮಲಗಿ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದ ರಾಕ್ಷಸನ ಪ್ರಾಣದ ಕಥೆ ಕೇಳಿದ ಮಗು, ಮರುದಿನ ಬೆಳಿಗ್ಗೆ ಗೋಪುರ ಕಟ್ಟುವುದರಲ್ಲಿ ಹಿಂದೆ ಬಿದ್ದುದನ್ನು ನಾನು ಕಂಡಿಲ್ಲ.

ಆ ಗೋಪುರಕ್ಕೇ ಮರಳುತ್ತೇನೆ. ಹಲವು ವಾರ ಅದನ್ನು ಕಟ್ಟಿ ಕೆಡವಿದ ಮೇಲೆ, ಮಗು ಒಂದು ದಿನ ಘನಗಳನ್ನು ನಡುವಿಗೆ ನಡು ಇಡುವ ಬದಲು ಒಂದು ಮೂಲೆಗೆ ಒತ್ತಿ ಪೇರಿಸುತ್ತದೆ. ಆಗ ಎದುರಿನ ಎರಡು ಪಕ್ಕಗಳಲ್ಲಿ ಮೆಟ್ಟಿಲುಗಳು ಮೂಡುತ್ತವೆ. ಉಳಿದಿರುವ ಆ ಹುಣಿಸೆಬೀಜದಂಥ ಕೊನೆಯ ಘನವನ್ನು ನೆತ್ತಿಗೇರಿಸುವ ಮೊದಲು, ಏನೋ ತೋಚಿ, ಅದನ್ನು ಒಂದು ಮೆಟ್ಟಿಲ ಮೇಲಿಡುತ್ತದೆ. ಅಂಚಿಗೆ ಅಂಚು ಸರಿಯಾಗಿ ಕೂಡುತ್ತದೆ. ಕೆಳಗಿನ ಮೆಟ್ಟಿಲಿಗೆ ಇಳಿಸುತ್ತದೆ, ಅಲ್ಲಿಯೂ ಸರಿ. ಅದರ ಕೆಳಗೂ ಸರಿ. ಘನಗಳು ಎಷ್ಟು ದೊಡ್ಡವಾದರೂ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಈ ಪುಟ್ಟ ತುಣುಕಿನಷ್ಟೇ ಎಂಬುದನ್ನು ಯಾರೂ ಹೇಳಿಕೊಟ್ಟಿಲ್ಲ. ಮಗು ಶಿಕ್ಷಕಿಯ ಕಡೆ ನೋಡುವುದಿಲ್ಲ. ಮತ್ತೆ ಮೇಲಿನ ಮೆಟ್ಟಿಲಿನಿಂದ ಆರಂಭಿಸುತ್ತದೆ.